ನೂರಕ್ಕೆ ತೊಂಬತ್ತೊಂದು ಸೀಟು ಭರ್ತಿ

ಆಫೀಸಿನಲ್ಲಿ ಅವಳನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಪಕ್ಕದ ಮೇಜಿನಲ್ಲಿ ಕೂತು ಕಚ್ಚಾ ತೈಲದ ಬೆಲೆ ನೋಡಿಕೊಳ್ಳುತ್ತಿದ್ದ ಎಣ್ಣೆ ಸಾಹೇಬರು ಅವಳಿಗಿಂತ ಹತ್ತು ವರ್ಷ ದೊಡ್ಡವರು, ಅವರಿಗೂ ಅವಳು ಅಕ್ಕನೇ. ಆದರೆ ಅವಳು ನಿಜವಾಗಿ ಅಕ್ಕನಾಗಿದ್ದದ್ದು ಒಬ್ಬನಿಗೆ ಮಾತ್ರ. ಅವನು ಗುಂಡ. ಹುಟ್ಟಿದಾಗ ಕುಂಬಳಕಾಯಿಯ ಹಾಗಿದ್ದನೆಂದು ಬಿದ್ದ ಹೆಸರು. ಈಗ ಮೂವತ್ತೆಂಟರ ಕಡ್ಡಿಯಂಥ ಆಸಾಮಿ, ವಿಮಾನ ಕಂಪನಿಯೊಂದರಲ್ಲಿ ಸಹ-ಪೈಲಟ್. ಹೆಸರು ಮಾತ್ರ ಸಣ್ಣಗಾಗಲಿಲ್ಲ.

ತಾಯಿ ತೀರಿಕೊಂಡಾಗ ಅವನಿಗೆ ಒಂಬತ್ತು, ಅವಳಿಗೆ ಹದಿನೆಂಟು. ತಂದೆ ದೂರದ ಊರುಗಳಿಗೆ ಲಾರಿ ಓಡಿಸುತ್ತಿದ್ದವರು, ತಿಂಗಳಲ್ಲಿ ಇಪ್ಪತ್ತು ದಿನ ಮನೆಯಲ್ಲಿರುತ್ತಿರಲಿಲ್ಲ. ಗುಂಡನ ಶಾಲೆ, ಜ್ವರ, ಹರಿದ ಚಡ್ಡಿ, ಹೆಡ್ ಮಾಸ್ತರರ ದೂರು, ಎಲ್ಲ ಅಕ್ಕನ ಪಾಲಿಗೆ ಬಂತು. ಅವನಿಗೆ ಲೆಕ್ಕ ಅಂದರೆ ಆಗಿಬರುತ್ತಿರಲಿಲ್ಲ. ಮುಂದೆ ಪೈಲಟ್ ಪರೀಕ್ಷೆಗೆ ಕಟ್ಟಿದಾಗ, ಎದುರುಗಾಳಿ ಇಷ್ಟಿದ್ದರೆ ವಿಮಾನ ಎಷ್ಟು ಹೊತ್ತು ತಡ, ಎಷ್ಟು ಇಂಧನ ಹೆಚ್ಚು ಎಂಬುದನ್ನೆಲ್ಲ ಅಡುಗೆಮನೆಯ ಮೇಜಿನ ಮುಂದೆ ಕೂರಿಸಿಕೊಂಡು ಹೇಳಿಕೊಟ್ಟವಳು ಅವಳೇ. ಮದುವೆಯ ಮಾತು ಬಂದಾಗಲೆಲ್ಲ ‘ಇವನೊಂದು ದಡ ಸೇರಲಿ’ ಅನ್ನುತ್ತಿದ್ದಳು. ಅವನು ದಡ ಸೇರುವ ಹೊತ್ತಿಗೆ ಕೇಳುವವರು ಕೇಳುವುದನ್ನೇ ಬಿಟ್ಟಿದ್ದರು. ಅದಕ್ಕಾಗಿ ಅವಳು ಕೊರಗಿದ್ದನ್ನು ಯಾರೂ ಕಂಡಿಲ್ಲ.

ಅವಳ ಆಫೀಸಿನ ಕೆಲಸ ಕಂಪನಿಗಳ ಆರೋಗ್ಯ ನೋಡಿ ಹೇಳುವುದು. ಬ್ಯಾಂಕುಗಳು, ಜನರ ಪಿಂಚಣಿ ಹಣ ಹೂಡುವ ನಿಧಿಗಳು ಅವರ ವರದಿ ಓದಿ ಮುಂದಿನ ಹೆಜ್ಜೆ ಇಡುತ್ತಿದ್ದವು. ವಿಮಾನ ಕಂಪನಿಗಳು ಅಕ್ಕನ ಪಾಲಿನವು. ಅವುಗಳ ಲಾಭನಷ್ಟದ ಪಟ್ಟಿ ಬರುವುದು ವರ್ಷಕ್ಕೊಮ್ಮೆ, ಅದೂ ತಡವಾಗಿ. ಅಷ್ಟರಲ್ಲಿ ರೋಗಿ ಎದ್ದು ಓಡಾಡುತ್ತಿರುತ್ತಿದ್ದ, ಇಲ್ಲವೇ ಹೋಗೇಬಿಟ್ಟಿರುತ್ತಿದ್ದ. ಪ್ರಯಾಣಿಕರ ಅಂಕಿ ಮಾತ್ರ ಪ್ರತಿ ತಿಂಗಳೂ ಹನ್ನೆರಡನೇ ತಾರೀಕಿಗೆ ವಿಮಾನಯಾನ ಇಲಾಖೆಯಿಂದ ತಪ್ಪದೆ ಹೊರಬೀಳುತ್ತಿತ್ತು. ಎಷ್ಟು ಜನ ಹತ್ತಿದರು, ಎಷ್ಟು ಸೀಟು ಹಾರಿದವು, ಎಷ್ಟು ದೂರ, ಎಷ್ಟು ಗಂಟೆ. ಆ ನಾಲ್ಕಾರು ಸಾಲಿನಲ್ಲೇ ನಾಡಿ ಹಿಡಿಯುವುದನ್ನು ಅವಳು ಹದಿನಾರು ವರ್ಷದಲ್ಲಿ ಕಲಿತಿದ್ದಳು.

ಗುಂಡನ ಕಂಪನಿಯೂ ಅವಳ ಪಟ್ಟಿಯಲ್ಲಿತ್ತು. ಅವನು ಅಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನವೇ ಮ್ಯಾನೇಜರಿಗೆ ಹೇಳಿದ್ದಳು.

“ತಮ್ಮ ತಾನೇ? ಷೇರು ಇಟ್ಕೊಂಡಿಲ್ವಲ್ಲ, ಬರೆದುಕೊಡಿ ಸಾಕು,” ಅಂದಿದ್ದರು ಅವರು. “ವರದಿ ಹೊರಗೆ ಬರೋವರೆಗೂ ಮನೇಲಿ ಬಾಯಿ ಬಿಡ್ಬಾರ್ದು. ಗಂಡ, ಹೆಂಡ್ತಿ, ತಮ್ಮ, ಯಾರ ಹತ್ರಾನೂ.”

ಬರೆದುಕೊಟ್ಟಿದ್ದಳು. ಹನ್ನೊಂದು ವರ್ಷ ಆ ಮಾತಿಗೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಭಾನುವಾರ ಮಧ್ಯಾಹ್ನ ಗುಂಡ ಹೆಂಡತಿ ಮಗಳೊಂದಿಗೆ ಅಕ್ಕನ ಮನೆಗೆ ಊಟಕ್ಕೆ ಬರುವುದು ವಾಡಿಕೆ. ಮೂರನೇ ಮಹಡಿಯ ಎರಡು ಕೋಣೆಯ ಮನೆ. ನಾಲ್ಕು ಜನ ಕೂತರೆ ಐದನೆಯವರು ಬಾಗಿಲು ತೆಗೆಯಲು ಕುರ್ಚಿ ಎತ್ತಬೇಕು. ಆ ಭಾನುವಾರ ಗುಂಡ ಬಂದದ್ದೇ ಬಾಯಿ ತುಂಬ ಸುದ್ದಿ ಇಟ್ಟುಕೊಂಡು.

“ಅಕ್ಕಾ, ನಂಬ್ತೀಯಾ, ಒಂದು ಸೀಟೂ ಖಾಲಿ ಇಲ್ಲ. ಕೊನೇಲಿ ಟಾಯ್ಲೆಟ್ ಪಕ್ಕ ಇರುತ್ತಲ್ಲ, ಅದಕ್ಕೂ ಜನ ಬಡಿದಾಡ್ತಾರೆ.”

“ಈ ತಿಂಗಳಲ್ಲಾ? ಮಕ್ಕಳಿಗೆಲ್ಲ ಪರೀಕ್ಷೆ ಅಲ್ವಾ, ಯಾರು ಊರು ತಿರುಗ್ತಾರೆ?”

“ಅದೇ ಮತ್ತೆ! ದಿನಕ್ಕೆ ಆರು ಸಲ ಏರ್ತೀನಿ, ಆರು ಸಲ ಇಳೀತೀನಿ. ಬಸ್ ಕಂಡಕ್ಟರ್ ಆಗ್ಬಿಟ್ಟಿದೀನಿ.”

“ಇವರ ಮುಖ ನೋಡ್ಬೇಕು ಅಂದ್ರೆ ನಾವೂ ಟಿಕೆಟ್ ತಗೋಬೇಕು ಅಕ್ಕಾ,” ಅಂದಳು ಅವನ ಹೆಂಡತಿ, ತಟ್ಟೆಗೆ ಅನ್ನ ಬಡಿಸುತ್ತ.

“ಇನ್ನೂ ಇದೆ ಕೇಳು. ರಿಪೇರಿ ಶೆಡ್ಡಿನ ಹಿಂದೆ ನಮ್ಮವು ಏಳು ವಿಮಾನ ಸುಮ್ನೆ ನಿಂತಿವೆ, ಎಂಜಿನ್ ಬಿಚ್ಚಿ. ಅವಕ್ಕೂ ಎಂಜಿನ್ ಬಂದು ಹಾರೋಕೆ ಶುರು ಮಾಡಿದ್ರೆ ನಮ್ಮನ್ನ ಹಿಡಿಯೋರೇ ಇರಲ್ಲ.” ನೀರು ಕುಡಿದು, ಲೋಟ ಕೆಳಗಿಟ್ಟು, ಅವನು ಅಸಲು ಸುದ್ದಿ ಹೇಳಿದ. “ಇನ್ನು ಮೂರು ವಾರ. ಕೊನೇ ಪರೀಕ್ಷೆ ಒಂದು ಬಾಕಿ. ಆಮೇಲೆ ನಿನ್ ತಮ್ಮ ಕ್ಯಾಪ್ಟನ್.”

ಅಕ್ಕ ಎದ್ದು ಅವನ ತಲೆಗೂದಲನ್ನು ಕೆದರಿಬಿಟ್ಟಳು. ಒಂಬತ್ತು ವರ್ಷದ ಮಗಳು “ಅತ್ತೆ, ಅಪ್ಪನ ಕೂದಲು ಅಷ್ಟೇ ಇರೋದು, ಅದನ್ನೂ ಕೀಳಬೇಡಿ” ಎಂದಾಗ ಎಲ್ಲರೂ ನಕ್ಕರು. ನಗುತ್ತಿರುವಾಗಲೇ ಅಕ್ಕನ ತಲೆಯೊಳಗೆ ಆ ಏಳು ವಿಮಾನ ಹೋಗಿ ಕೂತಿದ್ದವು.

ಮರುದಿನ ಹನ್ನೆರಡನೇ ತಾರೀಕು. ಹತ್ತು ಗಂಟೆಗೆ ಹಿಂದಿನ ತಿಂಗಳ ಅಂಕಿ ಬಂತು. ಹನ್ನೊಂದಕ್ಕೆಲ್ಲ ಸುದ್ದಿತಾಣಗಳು ಡಂಗುರ ಹೊಡೆಯತೊಡಗಿದವು. ಗುಂಡನ ಕಂಪನಿಯಲ್ಲಿ ಹಾರಿದವರು ಹೋದ ವರ್ಷಕ್ಕಿಂತ ನೂರಕ್ಕೆ ಆರರಷ್ಟು ಹೆಚ್ಚು. ನೂರು ಸೀಟಿಗೆ ತೊಂಬತ್ತೊಂದು ಭರ್ತಿ. ಹೋದ ವರ್ಷ ಅದೇ ತಿಂಗಳು ಎಪ್ಪತ್ತೆಂಟಿತ್ತು.

“ನಿಮ್ಮ ತಮ್ಮನ ಕಂಪನಿ ಕೈಗೇ ಸಿಗ್ತಿಲ್ವಲ್ಲ ಅಕ್ಕಾ,” ಅಂದರು ಎಣ್ಣೆ ಸಾಹೇಬರು.

ಅಕ್ಕನ ಕಣ್ಣು ಪರದೆಯ ಮೇಲಿತ್ತು. ಕೆಳಗಿನ ಸಾಲುಗಳನ್ನು ನೋಡುತ್ತಿದ್ದಳು. ಹಾರಿದ ದೂರವನ್ನೂ ಸೇರಿಸಿ ಎಣಿಸಿದರೆ ಸೀಟುಗಳೇ ನೂರಕ್ಕೆ ಇಪ್ಪತ್ತೆರಡರಷ್ಟು ಕಡಿಮೆಯಾಗಿದ್ದವು. ಐದು ಕುರ್ಚಿಯಿದ್ದ ಮನೆಯಲ್ಲಿ ನಾಲ್ವರು ಕೂತಿದ್ದರು. ಒಂದು ಕುರ್ಚಿಯನ್ನು ಹೊರಗೆ ಸಾಗಿಸಿ ಈಗ ಮನೆ ತುಂಬಿದೆ ಅನ್ನುತ್ತಿದ್ದಾರೆ. ಹಾಗಾದರೆ ತಲೆ ಹೆಚ್ಚಾದದ್ದು ಹೇಗೆ? ದೂರದ ಸಾಲು ನೋಡಿದಳು. ಹೋದ ವರ್ಷ ಒಬ್ಬ ಪ್ರಯಾಣಿಕ ಸರಾಸರಿ ಸಾವಿರದ ಐವತ್ತು ಕಿಲೋಮೀಟರ್ ಹೋಗುತ್ತಿದ್ದ, ಈಗ ಒಂಬೈನೂರು. ಒಳ್ಳೆಯ ದರ ಸಿಗುವ ದೂರದ ದಾರಿಗಳನ್ನು ಸದ್ದಿಲ್ಲದೆ ಬಿಟ್ಟು, ಹತ್ತಿರದ ಊರುಗಳಿಗೆ ಅದದೇ ವಿಮಾನವನ್ನು ಏರಿಸಿ ಇಳಿಸುತ್ತಿದ್ದರು. ಒಬ್ಬನೇ ಮನುಷ್ಯ ಒಂದು ದೂರದ ಪ್ರಯಾಣದ ಬದಲು ಎರಡು ಹತ್ತಿರದ ಪ್ರಯಾಣ ಮಾಡಿದರೆ ಪಟ್ಟಿಯಲ್ಲಿ ಇಬ್ಬರಾಗುತ್ತಾನೆ.

ಆಮೇಲೆ ಹಾರಾಟದ ಗಂಟೆಗಳು. ಒಂದು ವಿಮಾನ ದಿನಕ್ಕೆ ಹೆಚ್ಚೆಂದರೆ ಎಷ್ಟು ಹಾರಬಹುದೆಂಬುದು ಅವಳಿಗೆ ಬಾಯಿಪಾಠ. ಭಾಗಿಸಿದಳು. ಕಂಪನಿ ತನ್ನ ಬಳಿ ಮೂವತ್ತೆಂಟು ವಿಮಾನ ಇವೆ ಅನ್ನುತ್ತಿತ್ತು. ಲೆಕ್ಕಕ್ಕೆ ಸಿಕ್ಕದ್ದು ಮೂವತ್ತೊಂದು.

ಅಂಕಿಯೆಲ್ಲ ಊರಿಗೇ ತೆರೆದಿಟ್ಟದ್ದು. ಯಾರು ಬೇಕಾದರೂ ಭಾಗಿಸಬಹುದಿತ್ತು. ಆದರೆ ಗುಂಡ ಊಟಕ್ಕೆ ಕೂತು ಹೇಳದಿದ್ದರೆ ಆ ಸೋಮವಾರ ತಾನು ಆ ಭಾಗಾಕಾರಕ್ಕೆ ಕೈ ಹಾಕುತ್ತಿದ್ದೆನೇ ಎಂದು ಅವಳು ತನ್ನನ್ನೇ ಕೇಳಿಕೊಂಡಳು. ಹೊಳೆದ ಉತ್ತರ ಇಷ್ಟವಾಗಲಿಲ್ಲ.

ಮಧ್ಯಾಹ್ನವೆಲ್ಲ ಟಿಕೆಟ್ ಮಾರುವ ತಾಣಗಳನ್ನು ಜಾಲಾಡಿದಳು. ಐದು ತಿಂಗಳಾಚೆಯ ಸೀಟುಗಳನ್ನು ಬಸ್ಸಿಗಿಂತ ಅಗ್ಗಕ್ಕೆ ಮಾರುತ್ತಿದ್ದರು. ಪರದೆ ತಿರುಗಿಸಿ ಎಣ್ಣೆ ಸಾಹೇಬರಿಗೆ ತೋರಿಸಿದಳು. ಅವರ ಮುಖದ ನಗು ಇಳಿಯಿತು.

“ಈ ರೇಟಿಗೆ ಇಂಧನದ ಖರ್ಚೇ ಹುಟ್ಟಲ್ಲ. ಮುಂದಿನ ಸೀಟು ಮಾರಿ ಇವತ್ತಿನ ಟ್ಯಾಂಕ್ ತುಂಬಿಸ್ತಿದ್ದಾರೆ.” ಕುರ್ಚಿ ಹತ್ತಿರ ಎಳೆದುಕೊಂಡು ಕೇಳಿದರು: “ಎಷ್ಟು ದಿನ ಅಂತೀರಿ?”

“ಸಾಲ ಕೊಟ್ಟೋರು ಸುಮ್ನಿದ್ರೆ ಮೂರು ತಿಂಗಳು.”

“ಅವರು ಸುಮ್ನಿರ್ತಾರಾ?”

“ನನ್ನ ವರದಿ ಓದೋವರೆಗೂ ಇರ್ತಾರೆ,” ಅಂದಳು ಅಕ್ಕ.

ವರದಿ ಹೊರಗೆ ಬರಲು ಮೂರು ವಾರ ಬೇಕಿತ್ತು. ಇನ್ನಿಬ್ಬರು ಲೆಕ್ಕ ತಿರುಗಿ ಮಾಡಬೇಕು, ವಕೀಲರು ಓದಬೇಕು, ಸಮಿತಿ ಒಪ್ಪಬೇಕು.

ಬುಧವಾರ ಮಧ್ಯಾಹ್ನ ಗುಂಡ ಹೇಳದೆ ಕೇಳದೆ ಆಫೀಸಿಗೆ ಬಂದ. ನೆಲಮಹಡಿಯ ಕ್ಯಾಂಟೀನಿನಲ್ಲಿ ಕಿಟಕಿಯ ಪಕ್ಕ ಕೂತರು. ಅವನು ಚಹಾದ ಕಪ್ಪನ್ನು ಸುಮ್ಮನೆ ಸುತ್ತಿಸುತ್ತಿದ್ದ.

“ಬೇರೆ ಕಂಪನಿಯಿಂದ ಕೆಲಸಕ್ಕೆ ಕರೆದಿದ್ದಾರೆ ಅಕ್ಕಾ. ದೊಡ್ಡ ಕಂಪನಿ. ಶುಕ್ರವಾರದೊಳಗೆ ಹೂಂ ಅನ್ಬೇಕು.”

ಅಕ್ಕನ ಎದೆ ಹಗುರಾಯಿತು. “ಹೋಗು ಮತ್ತೆ.”

“ಹೋಗು ಅಂದ್ರೆ? ಅಲ್ಲಿ ಮತ್ತೆ ಸಹ-ಪೈಲಟ್ಟೇ. ಸಾಲಿನ ತುದೀಲಿ ನಿಲ್ಲಿಸ್ತಾರೆ. ಕ್ಯಾಪ್ಟನ್ ಆಗೋಕೆ ಇನ್ನೂ ಆರು ವರ್ಷ. ಇಲ್ಲಿ ಮೂರೇ ವಾರ.”

“ದೊಡ್ಡ ಕಂಪನಿ ಅಂತೀಯ.”

“ನಮ್ಮದೇನು ಚಿಕ್ಕದಾ? ಪೇಪರ್ ನೋಡಿಲ್ವಾ ನೀನು? ತೊಂಬತ್ತೊಂದು!” ಅವನು ಕಪ್ಪು ಕೆಳಗಿಟ್ಟು ಮುಂದಕ್ಕೆ ಬಾಗಿದ. “ನೀನು ಹೇಳಬಾರದ್ದು ಹೇಳು ಅಂತ ಕೇಳ್ತಿಲ್ಲ ಅಕ್ಕಾ. ಒಂದೇ ಮಾತು. ನಮ್ಮ ಕಂಪನೀಲಿ ಏನಾದ್ರೂ ತೊಂದರೆ ಇದ್ಯಾ?”

ಹೌದು ಅನ್ನುವಂತಿರಲಿಲ್ಲ. ‘ಹೇಳೋಕಾಗಲ್ಲ’ ಅಂದರೂ ಹೌದು ಅಂದಂತೆಯೇ. ಗುಂಡ ಹೋಗಿ ಇನ್ನೊಬ್ಬ ಪೈಲಟ್‌ಗೆ ಹೇಳುತ್ತಾನೆ, ಅವನು ಮತ್ತೊಬ್ಬನಿಗೆ, ಸಂಜೆಯೊಳಗೆ ಊರೆಲ್ಲ. ಹದಿನಾರು ವರ್ಷದ ಕೆಲಸ, ಕೊಟ್ಟ ಸಹಿ. ಇದೆಲ್ಲ ಅವಳ ತಲೆಯಲ್ಲಿ ಓಡಿತು, ನಿಜ. ಅದರ ಕೆಳಗೆ ಇನ್ನೊಂದು ಹೆದರಿಕೆಯೂ ಇತ್ತು. ನನ್ನ ಲೆಕ್ಕವೇ ತಪ್ಪಾಗಿದ್ದರೆ? ಎಲ್ಲಿಂದಲೋ ದುಡ್ಡು ಬಂದು ಕಂಪನಿ ಬದುಕಿಕೊಂಡರೆ? ಕೈಗೆ ಬಂದ ಕ್ಯಾಪ್ಟನ್‌ಗಿರಿಯನ್ನು ಅಕ್ಕನೇ ಕಿತ್ತುಕೊಂಡಳು ಅಂತ ಆಗುವುದಿಲ್ಲವೇ?

“ಇಲ್ಲಪ್ಪ,” ಅಂದಳು. “ಹಾಗೇನೂ ಇಲ್ಲ.”

ಗುಂಡನ ಮುಖ ಅರಳಿತು. “ಅಷ್ಟೇ ಸಾಕಾಗಿತ್ತು ನಂಗೆ,” ಎಂದು ತಣ್ಣಗಾದ ಚಹಾವನ್ನು ಒಂದೇ ಗುಟುಕಿಗೆ ಕುಡಿದು ಎದ್ದ. ಗಾಜಿನ ಬಾಗಿಲಾಚೆ ಹೋಗಿ ತಿರುಗಿ ಕೈ ಬೀಸಿದ.

ಗುರುವಾರ ಅವಳು ಎರಡು ಸಲ ಫೋನ್ ಕೈಗೆತ್ತಿಕೊಂಡಳು. ಶುಕ್ರವಾರ ಒಮ್ಮೆ ನಂಬರ್ ಒತ್ತಿಯೂಬಿಟ್ಟಳು. ಅವನು ಹಾರಾಟದಲ್ಲಿದ್ದ, ಫೋನ್ ಬಂದ್ ಆಗಿತ್ತು. ಸಂಜೆ ಅವನದೇ ಸಂದೇಶ ಬಂತು: ‘ಬರಲ್ಲ ಅಂದ್ಬಿಟ್ಟೆ. ಇಲ್ಲೇ ಇರ್ತೀನಿ. ಥ್ಯಾಂಕ್ಸ್ ಕಣೇ ಅಕ್ಕ.’

ಮೂರು ವಾರದ ಮೇಲೆ ಗುಂಡ ಕ್ಯಾಪ್ಟನ್ ಆದ. ಮೊದಲ ಹಾರಾಟಕ್ಕೆ ಅಕ್ಕ ಬರಲೇಬೇಕೆಂದು ಹಟ ಹಿಡಿದು ಟಿಕೆಟ್ ಕಳಿಸಿದ. ಅದು ಸೋಮವಾರ. ವರದಿ ಹೊರಬೀಳುವುದು ಮಂಗಳವಾರ ಬೆಳಿಗ್ಗೆ ಎಂಟಕ್ಕೆ. ಅವಳು ರಜೆ ಹಾಕಿ ಹೋದಳು.

ಎರಡನೇ ಸಾಲಿನಲ್ಲಿ ಕಿಟಕಿಯ ಸೀಟು. ಪಕ್ಕದಲ್ಲಿ ಮಂಡಿನೋವಿನ ಒಬ್ಬ ಮುದುಕಿ, ಮಗಳ ಬಾಣಂತನಕ್ಕೆ ಹೊರಟವರು. ಜೀವಮಾನದಲ್ಲೇ ಮೊದಲ ವಿಮಾನವಂತೆ. “ಬಸ್ಸಿಗಿಂತ ಕಡಿಮೆ ಆಯ್ತು ಕಣಮ್ಮ, ಪುಣ್ಯಾತ್ಮರು!” ಅಂದರು. ಅಕ್ಕ ಹಿಂದಿರುಗಿ ನೋಡಿದಳು. ಒಂದು ಸೀಟೂ ಖಾಲಿಯಿರಲಿಲ್ಲ. ಮಗುವನ್ನು ತೊಡೆಯ ಮೇಲೆ ಕುಣಿಸುವವರು, ಆಗಲೇ ನಿದ್ದೆ ಹೋದವರು, ಮೇಲಿನ ಗೂಡಿಗೆ ಚೀಲ ತುರುಕಲು ಹೆಣಗುವವರು. ಪಟ್ಟಿಯಲ್ಲಿ ತೊಂಬತ್ತೊಂದು ಎಂದು ಬರೆದದ್ದು ಇವರನ್ನೇ.

ವಿಮಾನ ಮೋಡದ ಮೇಲೆ ಬಂದು ಸಮವಾದಾಗ ಗುಂಡನ ದನಿ ಕೇಳಿಸಿತು. ಮನೆಯ ದನಿಯಲ್ಲ, ಇಸ್ತ್ರಿ ಮಾಡಿದ ದನಿ. ಎತ್ತರ, ಹವೆ, ಇಳಿಯುವ ಹೊತ್ತು ಹೇಳಿದ.

“ಕ್ಯಾಪ್ಟನ್ ಆಗಿ ಇದು ನನ್ನ ಮೊದಲನೇ ಹಾರಾಟ. ಹೆದರ್ಕೋಬೇಡಿ, ವಿಮಾನಕ್ಕೆ ನಾನು ಹೊಸಬನಲ್ಲ.” ಜನ ನಕ್ಕರು. “ನಮ್ಮಕ್ಕ ಇವತ್ತು ಈ ವಿಮಾನದಲ್ಲಿದ್ದಾರೆ. ನಂಗೆ ಲೆಕ್ಕ ಕಲಿಸಿದ್ದು ಅವರೇ. ಅವರು ಇಲ್ಲದಿದ್ರೆ ನಾನು ಇವತ್ತು ನಿಮ್ಮ ಹಾಗೆ ಟಿಕೆಟ್ ತಗೊಂಡು ಹಿಂದೆ ಕೂತಿರ್ತಿದ್ದೆ.”

ಜನ ಚಪ್ಪಾಳೆ ತಟ್ಟಿದರು. ಗಗನಸಖಿ ಬಂದು ಅಕ್ಕನ ಕೈ ಕುಲುಕಿದಳು. ಪಕ್ಕದ ಮುದುಕಿ “ಅಳಬೇಡಮ್ಮ, ಸಂತೋಷಕ್ಕೆ ಯಾರಾದರೂ ಅಳ್ತಾರಾ” ಎಂದು ಸೆರಗಿನಿಂದ ಅವಳ ಕಣ್ಣೊರೆಸಿದರು. ಅಕ್ಕ ಆ ಸೆರಗಿನಲ್ಲೇ ಮುಖ ಹುದುಗಿಸಿಕೊಂಡು ಬಹಳ ಹೊತ್ತು ಹಾಗೇ ಇದ್ದಳು.

ಮರುದಿನ ಎಂಟಕ್ಕೆ ವರದಿ ಬಂತು. ಹತ್ತಕ್ಕೆ ಇಂಧನ ಕೊಡುವವರು ಇನ್ನು ನಗದು ಇಟ್ಟರೆ ಮಾತ್ರ ಅಂದರು. ವಾರ ಕಳೆಯುವಷ್ಟರಲ್ಲಿ ವಿಮಾನಗಳನ್ನು ಬಾಡಿಗೆಗೆ ಕೊಟ್ಟಿದ್ದ ಸಂಸ್ಥೆಗಳು ಒಂದೊಂದನ್ನೇ ಎಳೆದುಕೊಂಡು ಹೋಗತೊಡಗಿದವು. ಮುಂಗಡ ಟಿಕೆಟ್ ಕೊಂಡವರು ಕೌಂಟರುಗಳ ಗಾಜು ಬಡಿದರು. ಹತ್ತೊಂಬತ್ತನೇ ದಿನ, ಶನಿವಾರ ಮಧ್ಯಾಹ್ನ, ಕಂಪನಿ ಹಾರಾಟ ನಿಲ್ಲಿಸಿತು. ಆಫೀಸಿನಲ್ಲಿ ಮ್ಯಾನೇಜರ್ ಎಲ್ಲರನ್ನೂ ಕರೆದು, ಪತ್ರಿಕೆಗಳೆಲ್ಲ ಹೊಗಳುತ್ತಿದ್ದ ಹೊತ್ತಿನಲ್ಲಿ ಸತ್ಯ ಕಂಡವರು ಇವರೊಬ್ಬರೇ ಎಂದು ಅಕ್ಕನ ಹೆಸರು ಹೇಳಿದರು. ಎಷ್ಟೋ ಜನರ ಪಿಂಚಣಿ ಹಣ ಉಳಿದಿತ್ತು, ಅದೂ ಸುಳ್ಳಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಎಣ್ಣೆ ಸಾಹೇಬರು ಮಾತ್ರ ತಟ್ಟಲಿಲ್ಲ.

ಅಷ್ಟು ದಿನ ಗುಂಡ ಫೋನ್ ಮಾಡಿರಲಿಲ್ಲ, ಎತ್ತಿಯೂ ಇರಲಿಲ್ಲ. ಭಾನುವಾರ ಬೆಳಿಗ್ಗೆ ಒಬ್ಬನೇ ಬಂದ. ಕೈಯಲ್ಲಿ ವರದಿಯ ಪ್ರತಿ. ಕೂರಲಿಲ್ಲ. ಮೊದಲ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿದ್ದ ತಾರೀಕಿನ ಮೇಲೆ ಬೆರಳಿಟ್ಟ. ಅಂಕಿ ಪರಿಶೀಲಿಸಿದ್ದು ಹನ್ನೆರಡನೇ ತಾರೀಕು, ಸೋಮವಾರ.

“ನಾನು ಬಂದಿದ್ದು ಬುಧವಾರ. ಆವಾಗಲೇ ಗೊತ್ತಿತ್ತಾ ನಿಂಗೆ?”

“ಗೊತ್ತಿತ್ತು.”

“ಏಳು ವಿಮಾನ ನಿಂತಿವೆ ಅಂತ ಬರೆದಿದ್ಯಲ್ಲ. ಅದು ನಾನು ಹೇಳಿದ್ದು.”

“ಅಂಕಿಯಿಂದಲೇ ಸಿಕ್ಕಿತು ಗುಂಡ. ನಿನ್ನ ಮಾತು ಒಂದಕ್ಷರವೂ ಅದರಲ್ಲಿಲ್ಲ.” ಅಲ್ಲಿಗೇ ನಿಲ್ಲಿಸಬಹುದಿತ್ತು. ಅವಳು ನಿಲ್ಲಿಸಲಿಲ್ಲ. “ಆದ್ರೆ ನೀನು ಹೇಳದೇ ಇದ್ದಿದ್ರೆ ನಾನು ಹುಡುಕ್ತಿದ್ನೋ ಇಲ್ವೋ ಗೊತ್ತಿಲ್ಲ.”

ಅವನು ಕಿಟಕಿಯ ಕಡೆ ತಿರುಗಿದ. ಎದುರುಮನೆಯವರು ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದರು.

“ನೀನು ಬರೆದಿದ್ದು ತಪ್ಪು ಅಂತ ನಾನು ಹೇಳಲ್ಲ,” ಅಂದ. “ಬಾಯಿ ಬಿಡಬಾರದಿತ್ತು, ಅದೂ ಸರಿ. ನಿನ್ನ ಕೆಲಸ ಅದು. ಆದ್ರೆ ‘ಇಲ್ಲ’ ಅಂದೆಯಲ್ಲ. ಸುಮ್ನೆ ಇದ್ದಿದ್ರೆ ಸಾಕಾಗಿತ್ತು ಅಕ್ಕಾ. ನಿನ್ನ ಮುಖ ನೋಡಿನೇ ತಿಳ್ಕೊಂಡ್ಬಿಡ್ತಿದ್ದೆ. ‘ಇಲ್ಲ’ ಅಂದಾಗ ಮುಖ ನೋಡೋದು ಬಿಟ್ಟೆ.”

“ತಪ್ಪಾಯ್ತು ಕಣೋ.”

“ವಿಮಾನದಲ್ಲಿ ಜನರ ಮುಂದೆ ಏನೇನೋ ಹೇಳ್ಬಿಟ್ಟೆ ನಾನು,” ಎಂದು ಅವನು ಮೆಲ್ಲಗೆ ನಕ್ಕ. ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ವರದಿಯನ್ನು ಮೇಜಿನ ಮೇಲಿಟ್ಟು, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೋದ.

ಆ ಶನಿವಾರ ಕೆಲಸ ಕಳೆದುಕೊಂಡ ಪೈಲಟ್‌ಗಳು ನಾನೂರು ಮಂದಿ. ಕರೆದಿದ್ದ ದೊಡ್ಡ ಕಂಪನಿಯಲ್ಲಿ ಜಾಗ ಯಾವಾಗಲೋ ತುಂಬಿತ್ತು. ಗುಂಡ ಹನ್ನೆರಡು ಕಡೆ ಅರ್ಜಿ ಹಾಕಿದ. ಹನ್ನೊಂದು ತಿಂಗಳ ಮೇಲೆ ಒಂದು ಕಡೆಯಿಂದ ಕರೆ ಬಂತು, ವೈದ್ಯಕೀಯ ಪರೀಕ್ಷೆಗೆ. ಹೃದಯದ ಬಡಿತದಲ್ಲಿ ಏರುಪೇರು ಕಂಡಿತು. ಚಿಂತೆಯಿಂದಲೂ ಇರಬಹುದು, ಮುಂಚಿನಿಂದಲೂ ಇದ್ದಿರಬಹುದು ಅಂದರು ಡಾಕ್ಟರು. ಹಾರಾಟಕ್ಕೆ ಅನರ್ಹ ಎಂದು ಬರೆದುಕೊಟ್ಟರು. ಮೇಲ್ಮನವಿಯಲ್ಲೂ ಅದೇ ಉತ್ತರ. ಕ್ಯಾಪ್ಟನ್ ಆಗಿ ಅವನು ಇದ್ದದ್ದು ಒಟ್ಟು ಇಪ್ಪತ್ತು ದಿನ. ಹೆಂಡತಿ ನರ್ಸ್ ಕೆಲಸಕ್ಕೆ ಮರಳಿದಳು. ಅವನು ಕಾರು ಕಲಿಸುವ ಶಾಲೆಯೊಂದಕ್ಕೆ ಸೇರಿದ.

ಅಕ್ಕ ವಿಮಾನ ಕಂಪನಿಗಳನ್ನು ಬಿಟ್ಟುಕೊಟ್ಟಳು. ಈಗ ಸಿಮೆಂಟ್ ನೋಡುತ್ತಾಳೆ. ಹನ್ನೆರಡನೇ ತಾರೀಕಿನ ಅಂಕಿಯನ್ನು ಎಣ್ಣೆ ಸಾಹೇಬರು ತಮ್ಮ ಪರದೆಯನ್ನು ಅವಳಿಗೆ ಕಾಣದಂತೆ ತಿರುಗಿಸಿಕೊಂಡು ಓದುತ್ತಾರೆ.

ಒಂದೂವರೆ ವರ್ಷದ ಮೇಲೆ, ಒಂದು ಮಧ್ಯಾಹ್ನ, ತಮ್ಮನ ಹೆಂಡತಿ ಫೋನ್ ಮಾಡಿ “ಬನ್ನಿ ಅಕ್ಕಾ, ಎಷ್ಟು ದಿನ ಅಂತ ಹೀಗೆ? ನಾನೇ ಕರೀತಿದೀನಿ” ಅಂದಳು. ಅಕ್ಕ ಹೋದಳು. ಬಾಗಿಲು ತೆಗೆದದ್ದು ಗುಂಡ. ಸ್ವಲ್ಪ ದಪ್ಪಗಾಗಿದ್ದ, ಕಿವಿಯ ಮೇಲೆ ಬಿಳಿ ಕೂದಲು ಬಂದಿತ್ತು.

“ಬನ್ನಿ ಅಕ್ಕಾ. ಒಳಗೆ ಬನ್ನಿ. ಕೂತ್ಕೊಳ್ಳಿ.”

ಅಕ್ಕ ಹೊಸಿಲಲ್ಲೇ ನಿಂತುಬಿಟ್ಟಳು. ಮಾತು ಬಂದಾಗಿನಿಂದ ಅವನು ಅವಳನ್ನು ನೀನು ಅಂದೇ ಕರೆದವನು. ಜಗಳವಾಡುವಾಗ ನೀನು, ಜ್ವರದಲ್ಲಿ ನರಳುವಾಗ ನೀನು, ಕೊನೆಯ ಸಲ ಬೆನ್ನು ತಿರುಗಿಸಿ ಹೋದಾಗಲೂ ನೀನು.

ಅವನು ಕುರ್ಚಿ ಎಳೆದುಕೊಟ್ಟ, ಫ್ಯಾನ್ ಹಾಕಿದ, ಆರೋಗ್ಯ ವಿಚಾರಿಸಿದ. “ಚಹಾಕ್ಕೆ ಸಕ್ಕರೆ ಹಾಕ್ತೀರಾ?” ಎಂದು ಕೇಳಿದ. ಗೊತ್ತಿಲ್ಲದವನ ಹಾಗೆ. ಮಗಳು ಬಂದು ಅತ್ತೆಯ ಪಕ್ಕ ಕೂತು ಶಾಲೆಯ ಸುದ್ದಿ ಹೇಳಿದಳು. ಒಬ್ಬ ವಿದ್ಯಾರ್ಥಿ ಹಿಮ್ಮುಖ ಗೇರ್ ಹಾಕಿ ಹಣ್ಣಿನ ಗಾಡಿಗೆ ಗುದ್ದಿದ ಕಥೆಯನ್ನು ಗುಂಡ ಹೇಳಿದ, ಎಲ್ಲರೂ ನಕ್ಕರು. ಯಾರೂ ಹಳೆಯದನ್ನು ಎತ್ತಲಿಲ್ಲ. ಮನೆಗೆ ಬಂದ ದೊಡ್ಡ ಅತಿಥಿಯನ್ನು ನೋಡಿಕೊಂಡಂತೆ ಅವನು ಅವಳನ್ನು ನೋಡಿಕೊಂಡ, ಒಂದಿಷ್ಟೂ ಕೊರತೆ ಮಾಡಲಿಲ್ಲ.

ಹೊರಡುವಾಗ ಮೆಟ್ಟಿಲಿಳಿದು ಬಸ್ ನಿಲ್ದಾಣದವರೆಗೂ ಬಂದ. ಅಲ್ಲಿ ಅಕ್ಕ ತಡೆಯಲಾರದೆ ಕೇಳಿದಳು.

“ಬೈಯೋ ನನ್ನ. ಮಾತು ಬಿಡು ಬೇಕಾದ್ರೆ. ಆದ್ರೆ ನೀವು ತಾವು ಅನ್ಬೇಡ ಕಣೋ.”

ಗುಂಡ ತಲೆ ತಗ್ಗಿಸಿದ. ಅವನ ಕಣ್ಣು ತುಂಬಿದ್ದವು.

“ಬೇಕೂಂತ ಅನ್ನಲಿಲ್ಲ ಅಕ್ಕಾ. ನೀವು ಬರ್ತೀರಿ ಅಂತ ಗೊತ್ತಾದಾಗಿಂದ ‘ನೀನು’ ಅನ್ನೋದನ್ನೇ ನೆನಪು ಮಾಡ್ಕೊಂಡು ಕೂತಿದ್ದೆ. ಬಾಯಿಗೆ ಬರ್ತಿಲ್ಲ.”

ಬಸ್ಸು ಬಂತು. ಅವನೇ ಅವಳ ಚೀಲ ಎತ್ತಿಕೊಟ್ಟು, ಮುಂದಿನ ಸೀಟು ಖಾಲಿಯಿದೆ ಎಂದು ಕೈ ತೋರಿಸಿದ. ಅಕ್ಕ ಹತ್ತಿ ಕೂತು ಹೊರಗೆ ನೋಡುವಷ್ಟರಲ್ಲಿ ಐದು ಗಂಟೆಯ ಪಾಠಕ್ಕೆ ಹೊತ್ತಾಯಿತೆಂದು ಅವನು ಬೇಗ ಬೇಗ ರಸ್ತೆ ದಾಟುತ್ತಿದ್ದ.